ನ್ಯಾಯಾಲಯದ ಮೆಟ್ಟಿಲು ಹತ್ತಿಸದೆ ತಿದ್ದಬಹುದೇ? ಒಂದು ಪ್ರಶ್ನೆಯ ಇತಿಹಾಸ

ಮೈಸೂರಿನ ಕುಂಬಾರಕೊಪ್ಪಲು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹೆಸರೇ ಹೇಳುವಂತೆ ಅದು ಕುಂಬಾರರ ಕೊಪ್ಪಲು. ಇಂದು ಬೆಳೆದ ನಗರದೊಳಗೆ ಸೇರಿಹೋಗಿರುವ ಬಡಾವಣೆ. ಅಲ್ಲಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು ಹದಿನೈದು, ಓದುತ್ತಿರುವುದು ಒಂಬತ್ತನೆಯ ತರಗತಿ. ಅಂಗಡಿಯ ಮುಂದೆ ಬೀಗ ಹಾಕದೆ ನಿಲ್ಲಿಸಿದ್ದ ಸೈಕಲ್ಲನ್ನು ತೆಗೆದುಕೊಂಡು ಹೋಗಿ ಸಿಕ್ಕಿಬಿದ್ದಿದ್ದಾನೆ. ಸೈಕಲ್ಲಿನ ಒಡೆಯ ಅವನನ್ನು ಪೊಲೀಸ್ ಠಾಣೆಗೆ ಕರೆತಂದಿದ್ದಾನೆ. ನೀವು ಅವನ ತರಗತಿಯ ಮೇಷ್ಟ್ರು; ಸುದ್ದಿ ತಿಳಿದು ಠಾಣೆಗೆ ಹೋಗಿದ್ದೀರಿ. ಈಗ ಏನಾಗಬೇಕು?

ಅಲ್ಲಿ ನೆರೆದವರಲ್ಲಿ ಒಬ್ಬರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈಗಲೇ ಕೋರ್ಟಿಗೆ ಕಳಿಸಿ, ಬುದ್ಧಿ ಬರಲಿ" ಎನ್ನುತ್ತಾರೆ. ಇನ್ನೊಬ್ಬರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇನ್ನೂ ಎಳೆಯ, ಕೂರಿಸಿ ಬುದ್ಧಿ ಹೇಳಿ ಕಳಿಸಿ" ಎನ್ನುತ್ತಾರೆ. ಗಾದೆ ಒಂದೇ, ತೀರ್ಮಾನ ಎರಡು. ಇಬ್ಬರೂ ಹುಡುಗನ ಒಳ್ಳೆಯದನ್ನೇ ಬಯಸುವವರು. ಯಾರ ಮಾತು ಸರಿ ಎಂದು ತಿಳಿಯುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಕೂಡಲೇ ಹೇಳುತ್ತೀರಿ: ಪರೀಕ್ಷಿಸಿ ನೋಡಬೇಕು. ಹೀಗೆ ಪರೀಕ್ಷಿಸಿ ನೋಡಿದವರ ಕಥೆಯೇ ಈ ಲೇಖನ.

ರಸ್ತೆ ದುರಸ್ತಿಯಾಗುವಾಗ 'ಡೈವರ್ಷನ್' ಎಂಬ ಫಲಕ ನೋಡಿರುತ್ತೀರಿ. ಬಾಲಾಪರಾಧದ ವಿಚಾರದಲ್ಲಿಯೂ ಇದೇ ಪದ ಬಳಕೆಯಲ್ಲಿದೆ. ತಪ್ಪು ಮಾಡಿದ ಮಗುವನ್ನು ನ್ಯಾಯಾಲಯದ ವಿಚಾರಣೆಯ ಹೆದ್ದಾರಿಯಿಂದ ಹೊರಳಿಸಿ, ಎಚ್ಚರಿಕೆ, ಆಪ್ತಸಮಾಲೋಚನೆ, ನಷ್ಟಭರ್ತಿ, ಕುಟುಂಬದೊಡನೆ ಮಾತುಕತೆ ಮೊದಲಾದ ಬೇರೆ ದಾರಿಗೆ ಕಳಿಸುವುದು ಇದರ ಅರ್ಥ. ಕನ್ನಡದಲ್ಲಿ ಇದನ್ನು 'ಬದಲಿ ದಾರಿ' ಎಂದು ಕರೆಯೋಣ.

ಕಾನೂನು ನಡೆದು ಬಂದ ದಾರಿ

ಭಾರತದಲ್ಲಿ ಈ ಆಲೋಚನೆ ಹೊಸದೇನಲ್ಲ. 1850ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ, ಸಣ್ಣಪುಟ್ಟ ಅಪರಾಧ ಮಾಡಿದ 10ರಿಂದ 18 ವರ್ಷದ ಮಕ್ಕಳನ್ನು ಜೈಲಿಗೆ ಕಳಿಸುವ ಬದಲು ಕಸುಬು ಕಲಿಯಲು ಒಬ್ಬ ಗುರುವಿನ ಬಳಿ ಬಿಡಲು ಅವಕಾಶವಿತ್ತು. 1860ರ ಭಾರತೀಯ ದಂಡ ಸಂಹಿತೆಯು ಏಳು ವರ್ಷಕ್ಕಿಂತ ಕಿರಿಯ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ ಎಂದಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ನಿಯಮ ಉಳಿದಿದೆ.

1899ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಆರಂಭವಾಯಿತು. ನಮ್ಮಲ್ಲಿ 1920ರಲ್ಲಿ ಮದರಾಸು ಪ್ರಾಂತವೂ 1924ರಲ್ಲಿ ಮುಂಬಯಿ ಪ್ರಾಂತವೂ ಮಕ್ಕಳ ಕಾಯಿದೆಗಳನ್ನು ಮಾಡಿದವು. ಆಗ ಮಂಗಳೂರು, ಬಳ್ಳಾರಿ ಕಡೆಯ ಕನ್ನಡಿಗರು ಮೊದಲನೆಯ ಪ್ರಾಂತದಲ್ಲಿದ್ದರು. ಧಾರವಾಡ, ಬೆಳಗಾವಿ, ವಿಜಾಪುರದವರು ಎರಡನೆಯದರಲ್ಲಿದ್ದರು. ಏಕೀಕರಣದ ನಂತರ, 1964ರಲ್ಲಿ, ಮೈಸೂರು ರಾಜ್ಯ ತನ್ನದೇ ಮಕ್ಕಳ ಕಾಯಿದೆಯನ್ನು ರೂಪಿಸಿಕೊಂಡಿತು. ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯಿದೆ ಎಂಬುದು ಬಂದದ್ದು 1986ರಲ್ಲಿ. ಅದೇ ವರ್ಷ ಶೀಲಾ ಬರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳನ್ನು ಜೈಲಿನಲ್ಲಿ ಇಡಬಾರದೆಂದು ಹೇಳಿತು. ಅವರ ಮೇಲಿನ ಪ್ರಕರಣಗಳ ತನಿಖೆಗೆ, ವಿಚಾರಣೆಗೆ ಕಾಲಮಿತಿಯನ್ನೂ ಹಾಕಿತು.

1985ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 'ಬೀಜಿಂಗ್ ನಿಯಮಗಳ' ಪೈಕಿ 11ನೆಯದು ಬದಲಿ ದಾರಿಯ ಬಗೆಗಿನದು. 2015ರ ನಮ್ಮ ಬಾಲ ನ್ಯಾಯ ಕಾಯಿದೆಯ 3ನೆಯ ಪ್ರಕರಣವೂ ಇದನ್ನು ಒಂದು ಮೂಲತತ್ತ್ವವೆಂದು ಒಪ್ಪಿಕೊಂಡಿದೆ. 2016ರ ಮಾದರಿ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಮಗುವಿನ ಮೇಲಿನ ಆರೋಪ ಘೋರ ಅಪರಾಧದ್ದಾಗಿದ್ದರೆ, ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದಾಗಿದ್ದರೆ ಮಾತ್ರ ಎಫ್‌ಐಆರ್. ಉಳಿದ ಸಂದರ್ಭಗಳಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಮನೆ, ಶಾಲೆ, ಸಹವಾಸದ ವಿವರಗಳುಳ್ಳ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಬಾಲ ನ್ಯಾಯ ಮಂಡಳಿಗೆ ಕೊಡಬೇಕು.

ನಮ್ಮ ಹುಡುಗನ ಸೈಕಲ್ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಆದ್ದರಿಂದ ಕಾಯಿದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುವ ಮಂಡಳಿಯು ಅವನಿಗೆ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ಅಂದರೆ ಕಾನೂನು ಎರಡನೆಯವರ ಗಾದೆಯ ಪರವಾಗಿದೆ. ಆದರೆ ಕಾನೂನು ಹೇಳಿದ ಮಾತ್ರಕ್ಕೆ ಅದು ಫಲ ಕೊಡುತ್ತದೆಯೆಂದು ಸಿದ್ಧವಾಗುವುದಿಲ್ಲ ಅಲ್ಲವೇ?

ಹಣೆಪಟ್ಟಿಯ ಸಿದ್ಧಾಂತ

ಬದಲಿ ದಾರಿಯ ಹಿಂದೆ ಒಂದು ಸಿದ್ಧಾಂತವಿದೆ. 1938ರಲ್ಲಿ ಫ್ರಾಂಕ್ ಟ್ಯಾನನ್‌ಬಾಮ್ ಎಂಬ ವಿದ್ವಾಂಸ, ಹುಡುಗನೊಬ್ಬನನ್ನು ಎಲ್ಲರೆದುರು ಕೆಟ್ಟವನೆಂದು ಗುರುತಿಸಿದರೆ ಅವನು ಕ್ರಮೇಣ ಆ ಗುರುತಿಗೆ ತಕ್ಕಂತೆಯೇ ಬೆಳೆಯುತ್ತಾನೆ ಎಂದು ವಾದಿಸಿದ. 'ಕಳ್ಳ' ಎಂಬ ಪಟ್ಟಿ ಹಣೆಗೆ ಬಿದ್ದ ಮೇಲೆ ಒಳ್ಳೆಯ ಗೆಳೆಯರು ದೂರವಾಗುತ್ತಾರೆ, ಶಾಲೆಯಲ್ಲಿ ಅನುಮಾನ ಬೆಳೆಯುತ್ತದೆ, ಜೊತೆಗೆ ಉಳಿಯುವವರು ಅದೇ ಪಟ್ಟಿ ಇರುವವರು ಮಾತ್ರ. ನ್ಯಾಯಾಲಯವೇ ಆ ಪಟ್ಟಿ ಅಂಟಿಸುವ ಜಾಗವಾದರೆ, ಮಗುವನ್ನು ಅಲ್ಲಿಂದ ದೂರವಿಡುವುದೇ ಚಿಕಿತ್ಸೆ. 1967ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಅಪರಾಧ ಆಯೋಗವು ಬದಲಿ ದಾರಿಯನ್ನು ಶಿಫಾರಸು ಮಾಡಿದ ಮೇಲೆ ಅಲ್ಲಿ ಇಂಥ ಕಾರ್ಯಕ್ರಮಗಳು ಒಂದರ ಹಿಂದೊಂದು ಹುಟ್ಟಿಕೊಂಡವು.

ಸಿದ್ಧಾಂತ ಮನಸ್ಸಿಗೆ ಒಪ್ಪುವಂಥದ್ದೇ. ಆದರೆ ಇಷ್ಟರಲ್ಲಾಗಲೇ, ಸದುದ್ದೇಶವನ್ನೂ ಅಳೆದು ನೋಡಬೇಕು ಎಂಬುದನ್ನು ಕಲಿಸುವ ಒಂದು ಪ್ರಯೋಗ ಆರಂಭವಾಗಿತ್ತು.

ನಾಣ್ಯ ಚಿಮ್ಮಿದ ವೈದ್ಯ

ರಿಚರ್ಡ್ ಕ್ಯಾಬಟ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಹೆಸರಾಂತ ವೈದ್ಯ. ದಾರಿ ತಪ್ಪಬಹುದಾದ ಬಡ ಹುಡುಗರಿಗೆ ಒಬ್ಬ ಒಳ್ಳೆಯ ಹಿರಿಯನ ಸ್ನೇಹ ಸಿಕ್ಕರೆ ಅವರು ಉಳಿದುಕೊಳ್ಳುತ್ತಾರೆ ಎಂಬುದು ಅವನ ನಂಬಿಕೆ. ಬಾಸ್ಟನ್ ಬಳಿಯ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳಲ್ಲಿ 1930ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು. ಹುಡುಗರನ್ನು ವಯಸ್ಸು, ಮನೆತನ, ಸ್ವಭಾವ ನೋಡಿ ಹೋಲುವ ಜೋಡಿಗಳಾಗಿ ಮಾಡಿದರು. ಜೋಡಿಯಲ್ಲಿ ಯಾರಿಗೆ ನೆರವು, ಯಾರನ್ನು ಹಾಗೇ ಬಿಡುವುದು? ನಾಣ್ಯ ಚಿಮ್ಮಿ ನಿರ್ಧರಿಸಿದರು. ಕೊನೆಗೆ ಲೆಕ್ಕಕ್ಕೆ ಉಳಿದವರು 253 ಜೋಡಿಗಳು, ಅಂದರೆ 506 ಹುಡುಗರು.

ನಾಣ್ಯವೇಕೆ? ಇದನ್ನು ಚೆನ್ನಾಗಿ ಗಮನಿಸಿ. ನಾವೇ ಆರಿಸಿದರೆ, ಸುಧಾರಿಸುವ ಲಕ್ಷಣವಿರುವವರನ್ನೇ ಅರಿಯದೆ ನೆರವಿನ ಗುಂಪಿಗೆ ಹಾಕಿಬಿಡುತ್ತೇವೆ. ಆಮೇಲೆ ಆ ಗುಂಪು ಚೆನ್ನಾಗಿದ್ದರೆ ಅದು ನೆರವಿನ ಫಲವೋ ಆಯ್ಕೆಯ ಫಲವೋ ತಿಳಿಯದು. ನಾಣ್ಯಕ್ಕೆ ಯಾರ ಮುಖವೂ ಗೊತ್ತಿಲ್ಲ. ಗುಂಪುಗಳು ದೊಡ್ಡದಾಗಿದ್ದರೆ ನಮಗೆ ತಿಳಿದಿರುವ, ತಿಳಿಯದಿರುವ ಎಲ್ಲ ವ್ಯತ್ಯಾಸಗಳನ್ನೂ ಅದು ಎರಡೂ ಕಡೆಗೆ ಸರಿಸುಮಾರು ಸಮನಾಗಿ ಹಂಚುತ್ತದೆ.

1945ರವರೆಗೆ, ಸರಾಸರಿ ಐದು ವರ್ಷ, ಸಲಹೆಗಾರರು ಹುಡುಗರ ಮನೆಗೆ ತಿಂಗಳಿಗೆ ಸುಮಾರು ಎರಡು ಬಾರಿ ಹೋಗಿ ಬಂದರು. ಪಾಠ ಹೇಳಿಸಿದರು, ವೈದ್ಯರಿಗೆ ತೋರಿಸಿದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. 1948ರಲ್ಲಿ ಮೊದಲ ಫಲಿತಾಂಶ ಬಂದಾಗ ಎರಡು ಗುಂಪುಗಳ ನಡುವೆ ಅಪರಾಧದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಫಲ ನಿಧಾನವಾಗಿ ಬರುತ್ತದೆ ಎಂದು ಹಲವರು ಸಮಾಧಾನ ಮಾಡಿಕೊಂಡರು.

ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ, ನಡುವಯಸ್ಸಿಗೆ ಬಂದಿದ್ದ ಆ 'ಹುಡುಗರನ್ನು' ಹುಡುಕಿ ಹೊರಟರು. ನೆರವು ಪಡೆದವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಅದರಿಂದ ತಮಗೆ ಒಳಿತಾಯಿತೆಂದೇ ಹೇಳಿದರು. ಆದರೆ 1978ರಲ್ಲಿ ಮೆಕಾರ್ಡ್ ಪ್ರಕಟಿಸಿದ ಲೆಕ್ಕ ಬೇರೆಯೇ ಆಗಿತ್ತು. ಮತ್ತೆ ಮತ್ತೆ ಅಪರಾಧ ಮಾಡುವುದು, ಕುಡಿತದ ಚಟ, ಬೇಗ ಸಾವು, ಮಾನಸಿಕ ಕಾಯಿಲೆಯ ಲಕ್ಷಣ ಇಂಥ ಹಲವು ಅಳತೆಗಳಲ್ಲಿ ನೆರವು ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು. 1999ರಲ್ಲಿ ಪ್ರಕಟವಾದ ಮರುವಿಶ್ಲೇಷಣೆಯಲ್ಲಿ ಒಂದು ಸುಳಿವು ಸಿಕ್ಕಿತು. ಹೆಚ್ಚು ಹಾನಿ ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋದವರಲ್ಲಿ. ಪುಂಡಾಟದ ಹುಡುಗರನ್ನು ಒಂದೆಡೆ ಸೇರಿಸಿದಾಗ ಅವರು ಮೇಷ್ಟ್ರಿಗಿಂತ ಹೆಚ್ಚಾಗಿ ಪರಸ್ಪರರಿಂದ ಕಲಿತಿರಬೇಕು ಎಂಬುದು ಸಂಶೋಧಕರ ವಿವರಣೆ.

ಪಾಠ ಕಹಿಯಾದರೂ ಸ್ಪಷ್ಟ. ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. 'ನನಗೆ ಉಪಯೋಗವಾಯಿತು' ಎಂಬ ಸಾಕ್ಷಿಯೂ ಸಾಲದು.

ಹೆದರಿಸಿ ತಿದ್ದುವ ಪ್ರಯತ್ನ

ಇನ್ನೊಂದು ಉದಾಹರಣೆ ನೋಡಿ. 1976ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಾವೇ ಜೈಲಿನಲ್ಲಿ, ಜೀವಾವಧಿ ಶಿಕ್ಷೆಯ ಕೈದಿಗಳೇ ಹದಿಹರೆಯದವರಿಗೆ ಜೈಲಿನ ಭೀಕರತೆಯನ್ನು ತೋರಿಸಿ ಹೆದರಿಸುವ ಕಾರ್ಯಕ್ರಮ ಆರಂಭವಾಯಿತು. ಅದರ ಮೇಲೆ 1978ರಲ್ಲಿ ತಯಾರಾದ 'ಸ್ಕೇರ್ಡ್ ಸ್ಟ್ರೈಟ್' ಎಂಬ ಸಾಕ್ಷ್ಯಚಿತ್ರ ಆಸ್ಕರ್ ಪ್ರಶಸ್ತಿ ಪಡೆಯಿತು. ಹೋಗಿ ಬಂದ ಹುಡುಗರಲ್ಲಿ ಬಹುಪಾಲು ಮಂದಿ ತಿದ್ದಿಕೊಂಡರೆಂದು ಚಿತ್ರ ಹೇಳಿತು. ಹಲವು ಊರುಗಳು ಅದನ್ನು ಅನುಕರಿಸಿದವು.

ಜೇಮ್ಸ್ ಫಿಂಕೆನಾಯರ್ ಎಂಬ ಸಂಶೋಧಕ, ಜೈಲಿಗೆ ಭೇಟಿಕೊಟ್ಟವರನ್ನು ಭೇಟಿಕೊಡದವರ ಜೊತೆ ಹೋಲಿಸಿ ನೋಡಿದ. ಭೇಟಿಕೊಟ್ಟವರಲ್ಲಿ ನೂರಕ್ಕೆ ಸುಮಾರು 41 ಮಂದಿ ಮತ್ತೆ ತಪ್ಪು ಮಾಡಿದ್ದರು. ಭೇಟಿಕೊಡದವರಲ್ಲಿ ಸುಮಾರು 11 ಮಂದಿ. ಗುಂಪುಗಳು ಚಿಕ್ಕವು, ಆಯ್ಕೆಯೂ ಪೂರ್ತಿ ನಿಯಮದಂತೆ ನಡೆದಿರಲಿಲ್ಲ. ಆದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಆದರೆ 2002ರಲ್ಲಿ ಆಂಟನಿ ಪೆಟ್ರೊಸಿನೊ ಮತ್ತು ಜೊತೆಗಾರರು ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಉತ್ತರ ಅದೇ: ಈ ಕಾರ್ಯಕ್ರಮಕ್ಕಿಂತ ಏನೂ ಮಾಡದಿರುವುದೇ ಮೇಲು. ಠಾಣೆಯಲ್ಲಿ ಎರಡು ಏಟು ಹಾಕಿ ಹೆದರಿಸಿ ಕಳಿಸಿದರೆ ಸರಿಹೋಗುತ್ತಾನೆ ಎನ್ನುವವರು ಇದನ್ನು ನೆನಪಿಡಬೇಕು. ಅದು ಕಾನೂನಿಗೂ ವಿರುದ್ಧ, ಹೆದರಿಕೆಯ ಬಗ್ಗೆ ಪ್ರಯೋಗಗಳು ಹೇಳುವುದಕ್ಕೂ ವಿರುದ್ಧ.

ತರಗತಿಯಲ್ಲಿ ಒಂದು ಪ್ರಯೋಗ

ಹಾಗಾದರೆ ಅಷ್ಟೊಂದು ಜನ ಮೋಸಹೋದದ್ದು ಹೇಗೆ? ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. 36 ಮಕ್ಕಳಿಗೆ ಒಂದೊಂದು ದಾಳ ಕೊಡಿ. ಎಲ್ಲರೂ ಒಮ್ಮೆ ಉರುಳಿಸಲಿ. ಆರು ಬಿದ್ದವರು 'ತಪ್ಪಿತಸ್ಥರು'. ಸರಾಸರಿ ಆರು ಮಂದಿ ಸಿಗುತ್ತಾರೆ. ಅವರನ್ನು ಮುಂದೆ ಕರೆದು ಗಂಭೀರವಾಗಿ ಬುದ್ಧಿ ಹೇಳಿ, ಮತ್ತೆ ಉರುಳಿಸಲು ಹೇಳಿ. ಸರಾಸರಿಯಲ್ಲಿ ಒಬ್ಬನಿಗೆ ಮಾತ್ರ ಮತ್ತೆ ಆರು ಬೀಳುತ್ತದೆ. ಆರರಲ್ಲಿ ಐವರು 'ತಿದ್ದಿಕೊಂಡರು'! ನಿಮ್ಮ ಬುದ್ಧಿಮಾತಿಗೂ ದಾಳಕ್ಕೂ ಏನೂ ಸಂಬಂಧವಿಲ್ಲ ಎಂದು ಮಕ್ಕಳು ನಗುತ್ತಾರೆ. ಮುಂದಿನ ಸರದಿಯಲ್ಲಿ ತಪ್ಪಿತಸ್ಥರಲ್ಲಿ ಅರ್ಧ ಜನರಿಗೆ ಮಾತ್ರ ಬುದ್ಧಿ ಹೇಳಿ, ಉಳಿದವರನ್ನು ಸುಮ್ಮನೆ ಬಿಡಿ. ಸುಮ್ಮನೆ ಬಿಟ್ಟವರೂ ಅಷ್ಟೇ 'ತಿದ್ದಿಕೊಂಡಿರುತ್ತಾರೆ'. ನಿಯಂತ್ರಣ ಗುಂಪು ಏಕೆ ಬೇಕು ಎಂಬುದನ್ನು ಇದಕ್ಕಿಂತ ಸುಲಭವಾಗಿ ವಿವರಿಸುವುದು ಕಷ್ಟ.

ಮಕ್ಕಳು ದಾಳಗಳಲ್ಲ, ನಿಜ. ಆದರೆ ಅವರೂ ಬದಲಾಗುತ್ತಾರೆ, ಯಾರೂ ಏನೂ ಮಾಡದಿದ್ದರೂ. ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ಎರಡು ಬಗೆಯವರನ್ನು ಗುರುತಿಸಿದರು. ಚಿಕ್ಕಂದಿನಿಂದಲೇ ತೊಂದರೆ ತೋರಿ ದೊಡ್ಡವರಾದ ಮೇಲೂ ಮುಂದುವರಿಸುವವರು ಕೆಲವೇ ಮಂದಿ. ಹದಿಹರೆಯದಲ್ಲಿ ಮಾತ್ರ ಎಡವಿ ಆಮೇಲೆ ತಾವಾಗಿಯೇ ಬಿಟ್ಟುಬಿಡುವವರು ಬಹಳ ಮಂದಿ. ಆವೇಗವನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದಲ್ಲಿಯೂ ಬಲಿಯುತ್ತಲೇ ಇರುತ್ತದೆ. ಆದ್ದರಿಂದ 'ನಮ್ಮ ಕಾರ್ಯಕ್ರಮಕ್ಕೆ ಬಂದ ನೂರರಲ್ಲಿ ಎಂಬತ್ತು ಮಂದಿ ಮತ್ತೆ ತಪ್ಪು ಮಾಡಲಿಲ್ಲ' ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಪ್ರಶ್ನೆ ಇದು: ಬಾರದಿದ್ದ ನೂರರಲ್ಲಿ ಎಷ್ಟು ಮಂದಿ?

ಎಲ್ಲವನ್ನೂ ಕೂಡಿಸಿದಾಗ

ಬದಲಿ ದಾರಿಯ ಬಗ್ಗೆ ಈಗ ಸಾಕಷ್ಟು ಪ್ರಯೋಗಗಳಿವೆ. 2010ರಲ್ಲಿ ಪೆಟ್ರೊಸಿನೊ ಮತ್ತು ಜೊತೆಗಾರರು 35 ವರ್ಷಗಳ 29 ಪ್ರಯೋಗಗಳನ್ನು, ಒಟ್ಟು 7,304 ಮಕ್ಕಳ ವಿವರಗಳನ್ನು ಕೂಡಿಸಿ ನೋಡಿದರು. ಔಪಚಾರಿಕ ನ್ಯಾಯಪ್ರಕ್ರಿಯೆಗೆ ಒಳಪಡಿಸಿದ್ದರಿಂದ ಮುಂದಿನ ಅಪರಾಧ ಕಡಿಮೆಯಾಗಲಿಲ್ಲ. ಒಟ್ಟಾರೆ ಸ್ವಲ್ಪ ಹೆಚ್ಚೇ ಆದಂತೆ ಕಂಡಿತು. ಅಂದರೆ ಮೊದಲನೆಯವರ ಗಾದೆಗೆ ಬೆಂಬಲ ಸಿಗಲಿಲ್ಲ.

ಹಾಗೆಂದು ಎರಡನೆಯವರು ಗೆದ್ದರೆನ್ನುವ ಹಾಗೂ ಇಲ್ಲ. 2012ರಲ್ಲಿ ಕ್ರೇಗ್ ಶ್ವಾಲ್ಬೆ ಮತ್ತು ಜೊತೆಗಾರರು ಬದಲಿ ದಾರಿಯ 28 ಪ್ರಯೋಗಗಳನ್ನು ವಿಶ್ಲೇಷಿಸಿದಾಗ, ಒಟ್ಟಾರೆ ಲಾಭ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದಾಗಿತ್ತು. ಕಾರ್ಯಕ್ರಮಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ನಿಶ್ಚಿತ ಫಲ ಕಂಡದ್ದು ಕುಟುಂಬವನ್ನು ಜೊತೆಗೆ ಸೇರಿಸಿಕೊಂಡು ನಡೆಸಿದ ಚಿಕಿತ್ಸೆಯಲ್ಲಿ. ಎರಡೂ ವಿಶ್ಲೇಷಣೆಗಳನ್ನು ಒಟ್ಟಿಗೆ ಓದಿದರೆ ತಾತ್ಪರ್ಯ ಹೀಗೆ: ಹೆದ್ದಾರಿ ಬಿಟ್ಟರೆ ನಷ್ಟವಿಲ್ಲ, ಆದರೆ ಬದಲಿ ದಾರಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದರ ಮೇಲೆ ಲಾಭ ನಿಂತಿದೆ.

ಈ ಪೈಕಿ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವ ಪ್ರಯೋಗವೊಂದಿದೆ. 1970ರ ದಶಕದಲ್ಲಿ ವಿಲಿಯಂ ಡೇವಿಡ್ಸನ್ ಅಮೆರಿಕದ ಮಿಷಿಗನ್‌ನಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳೇ ಜೊತೆಗಾರರು. ಒಬ್ಬ ಹುಡುಗನಿಗೆ ಒಬ್ಬ ವಿದ್ಯಾರ್ಥಿ, ವಾರಕ್ಕೆ ಆರರಿಂದ ಎಂಟು ಗಂಟೆ, 18 ವಾರ. ಹುಡುಗರನ್ನು ಗುಂಪುಗೂಡಿಸದೆ, ಅವರವರ ಮನೆ, ಶಾಲೆ, ಬೀದಿಯಲ್ಲಿಯೇ ಕೆಲಸ. ಇಂಥವರಲ್ಲಿ ಮರು ಅಪರಾಧ ಕಡಿಮೆಯಾಯಿತು. ಅದೇ ಬಗೆಯ ಕೆಲಸವನ್ನು ನ್ಯಾಯಾಲಯದ ಸುಪರ್ದಿನಲ್ಲಿ ನಡೆಸಿದಾಗ ಆ ಫಲ ಸಿಗಲಿಲ್ಲ.

ಇನ್ನೊಂದು ಅಪಾಯವನ್ನು 1970ರ ದಶಕದಲ್ಲಿಯೇ ಮಾಲ್ಕಮ್ ಕ್ಲೈನ್ ಮೊದಲಾದವರು ಗುರುತಿಸಿದರು. ಕಾರ್ಯಕ್ರಮ ಇದೆಯೆಂಬ ಕಾರಣಕ್ಕೇ, ಹಿಂದೆ ಒಂದು ಮಾತು ಹೇಳಿ ಮನೆಗೆ ಕಳಿಸುತ್ತಿದ್ದ ಮಕ್ಕಳನ್ನೂ ಅದಕ್ಕೆ ಸೇರಿಸಲು ಶುರುಮಾಡುತ್ತಾರೆ. ನ್ಯಾಯಾಲಯಕ್ಕೆ ಹೋಗುವವರು ಕಡಿಮೆಯಾಗುವ ಬದಲು ವ್ಯವಸ್ಥೆಯ ಬಲೆಯೇ ಹಿಗ್ಗುತ್ತದೆ. ಸಣ್ಣ ತಪ್ಪಿನ ಮಕ್ಕಳೇ ತುಂಬಿದ ಕಾರ್ಯಕ್ರಮದ 'ಯಶಸ್ಸು' ಕಾಗದದ ಮೇಲೆ ಬಹಳ ಚೆನ್ನಾಗಿಯೂ ಕಾಣುತ್ತದೆ.

ನಮ್ಮಲ್ಲಿ ಅಳೆಯುವುದು ಹೇಗೆ?

ಈಗ ಮೈಸೂರಿನ ಠಾಣೆಗೆ ಮರಳೋಣ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಮಕ್ಕಳ ವಿರುದ್ಧ ದಾಖಲಾದ ಪ್ರಕರಣಗಳು 30,555. ಆದರೆ ಅದು ದಾಖಲಾದ ಪ್ರಕರಣಗಳ ಎಣಿಕೆ. ನಿಯಮದಂತೆ ಸಣ್ಣ ಅಪರಾಧಗಳಿಗೆ ಎಫ್‌ಐಆರ್ ಹಾಕುವುದನ್ನು ನಿಲ್ಲಿಸಿದರೆ, ಒಬ್ಬ ಮಗುವಿನ ನಡತೆಯೂ ಬದಲಾಗದೆ ಈ ಸಂಖ್ಯೆ ಇಳಿಯಬಹುದು. ಆ ಇಳಿಕೆಯನ್ನು ಬದಲಿ ದಾರಿಯ ಯಶಸ್ಸು ಎನ್ನುವಂತಿಲ್ಲ. ಕಾಯಿದೆಯ 16ನೆಯ ಪ್ರಕರಣದಂತೆ ಮಂಡಳಿಯ ಮುಂದೆ ಬಾಕಿ ಉಳಿದ ಪ್ರಕರಣಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಲಾಗುತ್ತದೆ. ಇದು ಅಗತ್ಯವೇ. ಆದರೆ ಕಡತ ಮುಗಿದದ್ದನ್ನು ಎಣಿಸುವುದು ಬೇರೆ, ಹುಡುಗ ಏನಾದನೆಂದು ನೋಡುವುದು ಬೇರೆ.

ನಾಣ್ಯ ಚಿಮ್ಮುವುದು ಇಲ್ಲಿ ಸಾಧ್ಯವೇ? ಕಾನೂನು ಕೊಟ್ಟಿರುವ ರಕ್ಷಣೆಯನ್ನು ಪ್ರಯೋಗಕ್ಕಾಗಿ ಯಾವ ಮಗುವಿಗೂ ತಪ್ಪಿಸುವಂತಿಲ್ಲ. ಆದರೆ ಎರಡು ಒಳ್ಳೆಯ ಬದಲಿ ದಾರಿಗಳಲ್ಲಿ ಯಾವುದು ಮೇಲೆಂದು ಗೊತ್ತಿಲ್ಲದಿದ್ದಾಗ, ಅವುಗಳ ನಡುವೆ ಚೀಟಿ ಎತ್ತಿ ಹಂಚುವುದರಲ್ಲಿ ಅನ್ಯಾಯವಿಲ್ಲ. ಹೊಸ ಕಾರ್ಯಕ್ರಮವನ್ನು ಎಲ್ಲ ಜಿಲ್ಲೆಗಳಲ್ಲೂ ಒಂದೇ ದಿನ ಆರಂಭಿಸಲಾಗದಿದ್ದರೆ, ಯಾವ ಜಿಲ್ಲೆ ಮೊದಲು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ ಹೋಲಿಸಬಹುದು. ಮರು ಅಪರಾಧದ ಜೊತೆಗೆ, ಹುಡುಗ ಶಾಲೆಗೆ ಮರಳಿದನೇ, ವಸ್ತು ಕಳೆದುಕೊಂಡವರಿಗೆ ಸಮಾಧಾನವಾಯಿತೇ ಎಂಬುದನ್ನೂ ಅಳೆಯಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಬದಲಿ ದಾರಿ ಯಾರಿಗೆ ಸಿಕ್ಕಿತು ಎಂಬುದನ್ನು ಎಣಿಸಬೇಕು. ಒಂದೇ ದಿನ, ಒಂದೇ ಬಗೆಯ ತಪ್ಪಿಗೆ ಇಬ್ಬರು ಹುಡುಗರು ಠಾಣೆಗೆ ಬಂದರೆಂದುಕೊಳ್ಳಿ. ಒಬ್ಬನ ತಂದೆ, ಮೇಷ್ಟ್ರು ಬಂದು ಮಾತನಾಡುತ್ತಾರೆ. ಅವನು ಸಂಜೆಗೆ ಮನೆ ಸೇರುತ್ತಾನೆ, ಎಲ್ಲಿಯೂ ಬರಹವಿಲ್ಲ. ಇನ್ನೊಬ್ಬ ಶಾಲೆ ಬಿಟ್ಟವನು, ತಾಯಿ ಕೆಲಸಕ್ಕೆ ಹೋಗಿದ್ದಾಳೆ, ಯಾರೂ ಬರುವುದಿಲ್ಲ. ಅವನ ಹೆಸರು ಮಾತ್ರ ಕಡತಕ್ಕೆ ಹೋಗುತ್ತದೆ. ಮುಂದೆ ಯಾರಾದರೂ ಹೋಲಿಸಿದರೆ, ಬದಲಿ ದಾರಿಯಲ್ಲಿ ಹೋದವನೇ ಚೆನ್ನಾಗಿದ್ದಾನೆ ಎಂದು ಕಾಣುತ್ತದೆ. ಆದರೆ ಅದು ದಾರಿಯ ಫಲವಲ್ಲ, ಜೊತೆಗೆ ಬಂದವರ ಫಲ. ಕ್ಯಾಬಟ್ ನಾಣ್ಯ ಚಿಮ್ಮಿ ತಪ್ಪಿಸಿದ್ದ ಪಕ್ಷಪಾತ ಇಲ್ಲಿ ಬಾಗಿಲಲ್ಲೇ ನಿಂತಿರುತ್ತದೆ. ಇದು ಅಳತೆಯ ದೋಷ ಮಾತ್ರವಲ್ಲ, ಎರಡನೆಯ ಹುಡುಗನಿಗೆ ಆಗುವ ಅನ್ಯಾಯವೂ ಹೌದು.

ಶಿಕ್ಷಕರೇ, ಸಾಮಾಜಿಕ ಹಿನ್ನೆಲೆಯ ವರದಿಯಲ್ಲಿ ಶಾಲೆಯ ವಿವರಕ್ಕೂ ಜಾಗವಿದೆ. ಹುಡುಗ ತರಗತಿಗೆ ಬರುತ್ತಿದ್ದನೇ, ಯಾವಾಗಿನಿಂದ ಬಿಟ್ಟ, ಯಾವುದರಲ್ಲಿ ಜಾಣ ಎಂಬುದನ್ನು ನಿಮ್ಮಷ್ಟು ಬಲ್ಲವರು ಠಾಣೆಯಲ್ಲಿ ಯಾರೂ ಇರುವುದಿಲ್ಲ. ಅವನ ಗುರುತನ್ನು ಪ್ರಕಟಿಸುವುದನ್ನು ಕಾಯಿದೆ ನಿಷೇಧಿಸಿದೆ. ಶಾಲೆಯಲ್ಲಿ ಆ ಸುದ್ದಿ ಹರಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅವನು ಸೋಮವಾರ ಬೆಳಿಗ್ಗೆ ಶಾಲೆಗೆ ಬಂದಾಗ ಹಾಜರಿಯಲ್ಲಿ ಅವನ ಹೆಸರನ್ನು ಎಂದಿನಂತೆ ಕೂಗಿ, ಮುಂದಿನ ಹೆಸರಿಗೆ ಹೋಗಿ.

ಹಾಗೆಯೇ, ಹಾಜರಿಯಲ್ಲಿ ಹೆಸರಿಲ್ಲದ ಆ ಎರಡನೆಯ ಹುಡುಗನಿಗಾಗಿ ಠಾಣೆಗೆ ಹೋಗುವವರು ಯಾರು ಎಂಬುದನ್ನೂ ಯೋಚಿಸಿ.